ದಪ್ಪ ಕಂಡ ರಕ್ತನಾಳಕ್ಕೇ ಸೂಜಿ ಬೇಡ

ಮಳೆ ಹಿಡಿದರೆ ಮಂಗಳೂರಿನ ಲ್ಯಾಬುಗಳಲ್ಲಿ ಮಲೇರಿಯಾ, ಡೆಂಗ್ಯೂ ಪರೀಕ್ಷೆಗೆ ಬರುವವರು ಹೆಚ್ಚುತ್ತಾರೆ. ರಕ್ತ ತೆಗೆಯುವವರ ಕಣ್ಣಿಗೆ ಬೀಳುವುದು ಮೊಣಕೈ ಮುಂಭಾಗದ ನೀಲಿ ಗೆರೆಗಳು ಮಾತ್ರ. ಅವುಗಳ ಕೆಳಗಿರುವುದನ್ನು ಬೆರಳಿನಿಂದ ತಿಳಿಯಬೇಕು.

ಅಂಗೈ ಮೇಲೆ ಮಾಡಿಸಿ, ಮೊಣಕೈ ಸ್ವಲ್ಪ ಬಾಗಿಸಿ ಬಿಗಿಹಿಡಿಯಲು ಹೇಳಿ. ತಗ್ಗಿನ ನಡುವೆ ಗಟ್ಟಿಯಾಗಿ ತಾಗುವುದು ತೋಳಿನ ಬೈಸೆಪ್ಸ್ ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜು. ಅದರ ಒಳಮಗ್ಗುಲಲ್ಲೇ ಬ್ರೇಕಿಯಲ್ ಅಪಧಮನಿ ಬಡಿಯುತ್ತದೆ. ಬಿಪಿ ನೋಡುವಾಗ ಸ್ಟೆತಸ್ಕೋಪ್ ಇಡುವ ಜಾಗ ಇದೇ. ಅದಕ್ಕೂ ಒಳಬದಿಗೆ ಮೀಡಿಯನ್ ನರ. ರೇಡಿಯಲ್ ನರ ಹೊರಬದಿಯಲ್ಲಿ, ಆಳದಲ್ಲಿದೆ.

ಬೈಸೆಪ್ಸ್ ರಜ್ಜುವಿನಿಂದ ಒಳಬದಿಗೆ ಹರಡಿದ ತೆಳುವಾದ, ಆದರೆ ಗಟ್ಟಿ ಪದರವೊಂದು ಆ ಅಪಧಮನಿಯನ್ನೂ ಮೀಡಿಯನ್ ನರವನ್ನೂ ಮುಚ್ಚಿದೆ. ರಕ್ತ ತೆಗೆಯಲು ಬಳಸುವ ಮೀಡಿಯನ್ ಕ್ಯೂಬಿಟಲ್ ಅಭಿಧಮನಿ ಹಾಯುವುದು ಈ ಪದರದ ಮೇಲೆ. ಅದು ಅತ್ತಿತ್ತ ಜಾರುವುದೂ ಕಡಿಮೆ, ಹಾಗಾಗಿ ಮೊದಲ ಆಯ್ಕೆ ಅದೇ. ಸಿಗದಿದ್ದರೆ ಹೆಬ್ಬೆರಳ ಬದಿಯ ಸೆಫಾಲಿಕ್. ಕಿರುಬೆರಳ ಬದಿಯ ಬೆಸಿಲಿಕ್ ಎಷ್ಟೇ ದಪ್ಪಗೆ ಉಬ್ಬಿದ್ದರೂ ಕೊನೆಗಿರಲಿ. ಅದು ಸೂಜಿಯ ಮುಂದೆ ಸರಿಯುತ್ತದೆ, ಮುಂಗೈ ಚರ್ಮದ ನರ ಅದರ ಜೊತೆಗೇ ಸಾಗುತ್ತದೆ, ಅಪಧಮನಿಯೂ ದೂರವಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಟೂರ್ನಿಕೆಟನ್ನು (ತೋಳಿಗೆ ಬಿಗಿಯುವ ಪಟ್ಟಿ) ಮೊಣಕೈ ಮಡಿಕೆಯಿಂದ ನಾಲ್ಕು ಬೆರಳು, ಅಂದರೆ 7ರಿಂದ 10 ಸೆಂ.ಮೀ. ಮೇಲೆ ಕಟ್ಟಿ; 1 ನಿಮಿಷ ಮೀರಿದರೆ ರಕ್ತ ಅಲ್ಲೇ ನಿಂತು ಫಲಿತಾಂಶ ಏರುಪೇರಾಗುತ್ತದೆ. ನಮ್ಮ ಕರಾವಳಿಯ ಬೆವರು ಮೈಗೆ ಸ್ಪಿರಿಟ್ ಹಚ್ಚಿದ ಮೇಲೆ ಪೂರ್ತಿ ಒಣಗುವವರೆಗೆ ಕಾಯಿರಿ. ಊದುವುದು, ಹತ್ತಿಯಿಂದ ಒರೆಸುವುದು ಬೇಡ. ಹಸಿಯಿರುವಾಗ ಚುಚ್ಚಿದರೆ ಉರಿಯುತ್ತದೆ, ಮಾದರಿಯ ಕೆಂಪುಕಣಗಳೂ ಒಡೆಯಬಹುದು. ಸೂಜಿಯ ಓರೆಬಾಯಿ ಮೇಲ್ಮುಖವಾಗಿರಲಿ, ಕೋನ 15ರಿಂದ 30 ಡಿಗ್ರಿ. ರಕ್ತ ಬರಲಿಲ್ಲವೆಂದು ಒಳಗೇ ಸೂಜಿ ತಿರುಗಿಸಿ ಹುಡುಕುವುದು ನರಕ್ಕೆ ಪೆಟ್ಟು ಕೊಡುವ ದಾರಿ.

ಬೆರಳಿನವರೆಗೆ ಕರೆಂಟ್ ಹೊಡೆದಂತಾಯಿತು ಎಂದರೆ ಟೂರ್ನಿಕೆಟ್ ಬಿಚ್ಚಿ ತಕ್ಷಣ ಸೂಜಿ ತೆಗೆಯಿರಿ. ಕಡುಗೆಂಪು ಬದಲು ಹೊಳೆಯುವ ಕೆಂಪು ರಕ್ತ ಬಡಿತದೊಂದಿಗೆ ಚಿಮ್ಮಿದರೆ ಅಪಧಮನಿಗೆ ತಾಗಿದೆ. ಆಗಲೂ ಹಾಗೆಯೇ ತೆಗೆದು ಕನಿಷ್ಠ 5 ನಿಮಿಷ ಗಟ್ಟಿಯಾಗಿ ಒತ್ತಿ, ವೈದ್ಯರಿಗೆ ತಿಳಿಸಿ.

ಕೊನೆಗೆ ಹತ್ತಿಯಿಟ್ಟು "ಕೈ ಮಡಚಿ ಹಿಡ್ಕೊಳ್ಳಿ" ಎನ್ನುವ ರೂಢಿ ಬಿಡಲೇಬೇಕು. ಮಡಚಿದಾಗ ಒತ್ತಡ ತೂತಿನ ಮೇಲೆ ಸರಿಯಾಗಿ ಬೀಳುವುದಿಲ್ಲ, ರಕ್ತ ಚರ್ಮದಡಿ ಸೋರಿ ಮರುದಿನ ನೀಲಿಗಟ್ಟುತ್ತದೆ. "ಅಮ್ಮಾ, ಕೈ ನೇರ ಇಟ್ಟು ಇಲ್ಲೇ ಒತ್ತಿ ಹಿಡೀರಿ" ಎಂದರೆ ಸಾಕು. ಡೆಂಗ್ಯೂವಿನಿಂದ ಪ್ಲೇಟ್‌ಲೆಟ್ ಇಳಿದವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ನೀವೇ 5 ನಿಮಿಷ ಒತ್ತಿ, ಹತ್ತಿ ಎತ್ತಿ ನೋಡಿ, ಆಮೇಲೆ ಪ್ಲಾಸ್ಟರ್ ಹಚ್ಚಿ ಕಳುಹಿಸಿ.