ನೈಜೀರಿಯಾದ ಉದ್ಯಮಿಗಳನ್ನು ಓದುವಾಗ: ಮೊದಲ ದುಡ್ಡು ಎಲ್ಲಿಂದ ಬಂತು?

ನೈಜೀರಿಯಾದ ದೊಡ್ಡ ಉದ್ಯಮಿಗಳ ಬಗ್ಗೆ ಓದಲು ಕೂತರೆ ಮೊದಲು ಕೈಗೆ ಸಿಗುವುದು ಶ್ರೀಮಂತರ ಪಟ್ಟಿ. ಯಾರ ಹತ್ತಿರ ಎಷ್ಟು ಬಿಲಿಯನ್ ಡಾಲರ್, ಯಾರು ಒಂದನೇ ನಂಬರ್. ಅದನ್ನು ಬಾಯಿಪಾಠ ಮಾಡಬೇಡಿ, ಅದು ವರ್ಷ ವರ್ಷ ಬದಲಾಗುತ್ತದೆ. ನಾನು ನೋಟ್ಸ್ ಮಾಡುವಾಗ ಪ್ರತಿ ಹೆಸರಿನ ಮುಂದೆ ಎರಡೇ ಪ್ರಶ್ನೆ ಬರೆದುಕೊಂಡೆ. ಮೊದಲ ದುಡ್ಡು ಎಲ್ಲಿಂದ ಬಂತು? ಸರ್ಕಾರದ ಯಾವ ಕಾಗದ ಇವರ ಕೈಯಲ್ಲಿತ್ತು? ಕಾಗದ ಅಂದರೆ ಲೈಸೆನ್ಸು, ಪರ್ಮಿಟ್ಟು, ಗುತ್ತಿಗೆ. ಈ ಎರಡು ಪ್ರಶ್ನೆ ಇಟ್ಟುಕೊಂಡು ಓದಿದರೆ ಆ ದೇಶದ ಆರ್ಥಿಕತೆಯೇ ಅರ್ಥವಾಗುತ್ತಾ ಹೋಗುತ್ತದೆ.

ಸಿಮೆಂಟ್ ಮತ್ತು ತೈಲ ರಿಫೈನರಿಯ ಉದ್ಯಮಿ ಅಲಿಕೊ ಡಾಂಗೋಟೆಯಿಂದ ಶುರು ಮಾಡೋಣ. ಹುಟ್ಟಿದ್ದು 1957, ಉತ್ತರದ ಕಾನೊ ನಗರ. ಆದರೆ ಅವರ ಕಥೆ ಅರ್ಥವಾಗಬೇಕಾದರೆ ಇನ್ನೂ ಹಿಂದಕ್ಕೆ, ಅವರ ತಾಯಿ ಕಡೆಯ ಮುತ್ತಜ್ಜ ಅಲ್ಹಸನ್ ದಂತಾತಾ ತನಕ ಹೋಗಬೇಕು. ಹೌಸಾ ಭಾಷೆಯಲ್ಲಿ 'ದಂತಾತಾ' ಅಂದರೆ ತಾತಾಳ ಮಗ. ತಾತಾ ಅನ್ನುವುದು ಚಿಕ್ಕಂದಿನಲ್ಲಿ ಅವರನ್ನು ಸಾಕಿದ ಹೆಂಗಸಿನ ಹೆಸರು. ಸಾಕುತಾಯಿಯ ಹೆಸರೇ ಮನೆತನದ ಹೆಸರಾಗಿ ಉಳಿಯಿತು! ಈ ಮನುಷ್ಯ ಇಂದಿನ ಘಾನಾ ಕಡೆಯಿಂದ, ಅಲ್ಲಿನ ಜನ ಅಡಿಕೆಯಂತೆ ಜಗಿಯುವ ಕೋಲಾ ಕಾಯಿ ತಂದು ಕಾನೊದಲ್ಲಿ ಮಾರುತ್ತಿದ್ದರು. ಉಳಿದವರು ಕತ್ತೆಗಳ ಮೇಲೆ ಹೊರೆಸಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಕಾಲದಲ್ಲಿ ಇವರು ಅಕ್ರಾದಿಂದ ಲಾಗೋಸಿಗೆ ಹಡಗಿನಲ್ಲಿ ಸರಕು ತರಿಸಿದರು. ಆಮೇಲೆ ಕಾನೊಗೆ ರೈಲು ಬಂತು. ರೈಲಿನ ಜೊತೆ ಕಡಲೆಕಾಯಿ ವ್ಯಾಪಾರ ಬೆಳೆಯಿತು. ಸಾವಿರಾರು ಮೂಟೆಗಳನ್ನು ಗೋಪುರದ ಹಾಗೆ ಒಟ್ಟಿದ ಕಾನೊದ ಹಳೆಯ ಫೋಟೋಗಳನ್ನು ನೀವು ನೋಡಿರಬಹುದು, ಅವು ಆ ವ್ಯಾಪಾರದವೇ. 1929ರಲ್ಲಿ ಕಾನೊದಲ್ಲಿ ಬ್ರಿಟಿಷ್ ಬ್ಯಾಂಕ್ ಬಾಗಿಲು ತೆರೆದಾಗ ದಂತಾತಾ 20 ಒಂಟೆಗಳ ಮೇಲೆ ಬೆಳ್ಳಿ ನಾಣ್ಯ ಹೇರಿಸಿಕೊಂಡು ಹೋಗಿ ಜಮಾ ಮಾಡಿದರು ಎಂದು ಹೇಳುತ್ತಾರೆ.

ಇಂಥ ಮನೆಯ ಹುಡುಗ ಡಾಂಗೋಟೆ. ಕೈರೋದ ಅಲ್ ಅಝರ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದು, ಇಪ್ಪತ್ತರ ಆಸುಪಾಸಿನಲ್ಲಿ ಮನೆಯ ಹಿರಿಯರಿಂದ ಸಾಲ ತೆಗೆದುಕೊಂಡು ವ್ಯಾಪಾರಕ್ಕೆ ಇಳಿದರು. ಸಿಮೆಂಟ್, ಸಕ್ಕರೆ, ಅಕ್ಕಿ. ಎಲ್ಲವೂ ಹೊರಗಿಂದ ತರಿಸಿ ಮಾರುವ ಸರಕು. ಅವರು ಶೂನ್ಯದಿಂದ ಎದ್ದರು ಎಂದು ಬರೆಯುವವರು ಜಾಸ್ತಿ, ಅದು ಸರಿಯಲ್ಲ. ಸಾಲ ಕೊಡುವ ಅಜ್ಜನ ಮನೆ ಇರುವುದು, ಮಾರುಕಟ್ಟೆಯಲ್ಲಿ ಮನೆತನದ ಹೆಸರು ನಡೆಯುವುದು, ಇವೂ ಬಂಡವಾಳವೇ ಅಲ್ವಾ?

ಸಿಮೆಂಟೇ ಯಾಕೆ? 1970ರ ದಶಕದಲ್ಲಿ ನೈಜೀರಿಯಾಕ್ಕೆ ತೈಲದ ದುಡ್ಡು ಹರಿದು ಬಂತು. ಎಲ್ಲೆಲ್ಲೂ ಕಟ್ಟಡ, ರಸ್ತೆ. 1975ರ ಹೊತ್ತಿಗೆ ಸರ್ಕಾರ ಸುಮಾರು 2 ಕೋಟಿ ಟನ್ ಸಿಮೆಂಟಿಗೆ ಆರ್ಡರ್ ಕೊಟ್ಟಿತ್ತು. ಲಾಗೋಸ್ ಬಂದರಿನಲ್ಲಿ ವರ್ಷಕ್ಕೆ ಇಳಿಸಲು ಆಗುತ್ತಿದ್ದದ್ದು ಸುಮಾರು 10 ಲಕ್ಷ ಟನ್! ನೂರಾರು ಹಡಗು ಸಮುದ್ರದಲ್ಲೇ ಸಾಲುಗಟ್ಟಿ ನಿಂತವು, ನಿಂತಿದ್ದಕ್ಕೂ ಸರ್ಕಾರ ಬಾಡಿಗೆ ತೆತ್ತಿತು, ಎಷ್ಟೋ ಮೂಟೆ ಹಡಗಿನಲ್ಲೇ ಗಟ್ಟಿಯಾಗಿ ಹಾಳಾದವು. ಮಾಡುವ ಶಕ್ತಿಗಿಂತ ತರಿಸುವ ಆಸೆ ದೊಡ್ಡದಾದ ದೇಶದಲ್ಲಿ ಆಮದು ಪರ್ಮಿಟ್ ಅನ್ನುವ ಕಾಗದಕ್ಕೆ ಎಷ್ಟು ಬೆಲೆ ಇತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದೆ ಆ ಕಾಗದದ ನಿಯಮವೇ ಬದಲಾಯಿತು, ಇದನ್ನು ಅಡಿಗೆರೆ ಹಾಕಿ ಓದಿ. 2002ರಲ್ಲಿ ಅಧ್ಯಕ್ಷ ಒಬಸಾಂಜೊ ಅವರ ಸರ್ಕಾರ ಹೊಸ ನೀತಿ ತಂದಿತು. ಇಲ್ಲೇ ಕಾರ್ಖಾನೆ ಕಟ್ಟುತ್ತೇನೆ ಎಂದು ತೋರಿಸಿದವರಿಗೆ ಮಾತ್ರ ಸಿಮೆಂಟ್ ಆಮದು ಲೈಸೆನ್ಸ್. ಡಾಂಗೋಟೆ ಅಷ್ಟರಲ್ಲೇ ಬೆನ್ಯೂ ಸಿಮೆಂಟ್ ಕಂಪನಿ ಹಿಡಿದಿದ್ದರು. ಆಮೇಲೆ ಕೋಗಿ ರಾಜ್ಯದ ಒಬಜಾನಾದಲ್ಲಿ, ಸುಣ್ಣದಕಲ್ಲಿನ ನಿಕ್ಷೇಪದ ಪಕ್ಕದಲ್ಲೇ, ಭಾರಿ ಕಾರ್ಖಾನೆ ಎಬ್ಬಿಸಿದರು. ಕೆಲವೇ ವರ್ಷದಲ್ಲಿ ದೇಶ ಸಿಮೆಂಟ್ ತರಿಸುವುದನ್ನು ಬಹುಪಾಲು ನಿಲ್ಲಿಸಿತು. ಆದರೆ ಮಾರುಕಟ್ಟೆ ಬೆರಳೆಣಿಕೆಯ ಕಂಪನಿಗಳ ಕೈ ಸೇರಿತು. ಮನೆ ಕಟ್ಟುವ ಸಾಮಾನ್ಯ ಜನ ಸಿಮೆಂಟ್ ದುಬಾರಿ ಎಂದು ಇವತ್ತಿಗೂ ದೂರುತ್ತಾರೆ, ಅವರ ದೂರು ನನಗೆ ನ್ಯಾಯವಾಗಿಯೇ ಕಾಣುತ್ತದೆ. ಇನ್ನೊಂದು ದೊಡ್ಡ ಸಿಮೆಂಟ್ ಗುಂಪು ಬಿಯುಎ, ಅದರ ಅಬ್ದುಲ್ ಸಮದ್ ರಬಿಯು ಕೂಡ ಕಾನೊದವರೇ, ಅವರ ತಂದೆಯೂ ದೊಡ್ಡ ವ್ಯಾಪಾರಿ.

ಇನ್ನು ರಿಫೈನರಿ. ಕಚ್ಚಾ ತೈಲ ರಫ್ತು ಮಾಡುವ ದೇಶ ಪೆಟ್ರೋಲ್ ಆಮದು ಮಾಡಿಕೊಳ್ಳುತ್ತಿತ್ತು. ಸರ್ಕಾರದ ರಿಫೈನರಿಗಳು ಇದ್ದವು, ಸರಿಯಾಗಿ ಓಡುತ್ತಿರಲಿಲ್ಲ. 2007ರಲ್ಲಿ ಡಾಂಗೋಟೆ ಇದ್ದ ಒಂದು ಗುಂಪು ಪೋರ್ಟ್ ಹಾರ್ಕೋರ್ಟ್ ಮತ್ತು ಕಡುನಾ ರಿಫೈನರಿಗಳಲ್ಲಿ ಪಾಲು ಕೊಂಡಿತು, ಆದರೆ ಹೊಸ ಸರ್ಕಾರ ಬಂದ ಮೇಲೆ ಆ ಮಾರಾಟ ರದ್ದಾಯಿತು. ಕೊನೆಗೆ ಅವರೇ ಲಾಗೋಸಿನ ಲೆಕ್ಕಿಯಲ್ಲಿ ದಿನಕ್ಕೆ 6,50,000 ಬ್ಯಾರೆಲ್ ಸಾಮರ್ಥ್ಯದ ರಿಫೈನರಿ ಕಟ್ಟಿದರು. ಖರ್ಚು ಸುಮಾರು 20 ಬಿಲಿಯನ್ ಡಾಲರ್. ಇದರ ಎಂಜಿನಿಯರಿಂಗ್ ಸಲಹೆಯ ಕೆಲಸ ನಮ್ಮ ಸರ್ಕಾರಿ ಸಂಸ್ಥೆ ಎಂಜಿನಿಯರ್ಸ್ ಇಂಡಿಯಾದ್ದು. ಉದ್ಘಾಟನೆ 2023ರ ಮೇ, ಪೆಟ್ರೋಲ್ ಹೊರಬಂದದ್ದು 2024ರ ಸೆಪ್ಟೆಂಬರ್.

ಮೈಕ್ ಅಡೆನುಗಾ ಕಥೆ ಬೇರೆ ರೀತಿಯದು. ಅಮೆರಿಕದಲ್ಲಿ ಓದುವಾಗ ಖರ್ಚಿಗೆ ಟ್ಯಾಕ್ಸಿ ಓಡಿಸಿದವರು. 1991ರಲ್ಲಿ ಅವರ ಕಂಪನಿಗೆ ತೈಲ ಸಿಕ್ಕಿತು. ಆದರೆ ನಾವು ನೆನಪಿಡಬೇಕಾದದ್ದು 2003ರಲ್ಲಿ ಅವರು ಶುರು ಮಾಡಿದ ಮೊಬೈಲ್ ಕಂಪನಿ ಗ್ಲೋ. ಅದಕ್ಕೆ ಎರಡು ವರ್ಷ ಮೊದಲೇ ಮೊಬೈಲ್ ಬಂದಿತ್ತು, ಆದರೆ ಐದು ಸೆಕೆಂಡ್ ಮಾತಾಡಿದರೂ ಪೂರ್ತಿ ನಿಮಿಷದ ದುಡ್ಡು ಹೋಗುತ್ತಿತ್ತು. ಸೆಕೆಂಡಿಗೆ ಲೆಕ್ಕ ಹಾಕುವುದು ಸದ್ಯಕ್ಕೆ ಆಗದು ಎನ್ನುತ್ತಿದ್ದರು ಮೊದಲು ಬಂದ ಕಂಪನಿಗಳು. ಗ್ಲೋ ಮೊದಲ ದಿನದಿಂದಲೇ ಸೆಕೆಂಡ್ ಲೆಕ್ಕ ತಂದಿತು, ಉಳಿದವರೂ ಬಗ್ಗಲೇಬೇಕಾಯಿತು. ಭಾರತದಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದು ಬಂದದ್ದು 2009ರಲ್ಲಿ, ಆಗಿನ ಗಲಾಟೆ ನೆನಪಿದ್ದವರಿಗೆ ಇದು ಎಷ್ಟು ದೊಡ್ಡ ಏಟು ಎಂದು ಬಿಡಿಸಿ ಹೇಳಬೇಕಿಲ್ಲ.

ಬ್ಯಾಂಕಿನವರನ್ನು ಬೇಗ ಮುಗಿಸುತ್ತೇನೆ. ಜಿಮ್ ಓವಿಯಾ 1990ರಲ್ಲಿ ಜೆನಿತ್ ಬ್ಯಾಂಕ್ ಕಟ್ಟಿದರು. ಟೋನಿ ಎಲುಮೆಲು 1997ರಲ್ಲಿ ಮುಳುಗುತ್ತಿದ್ದ ಸಣ್ಣ ಬ್ಯಾಂಕ್ ಹಿಡಿದು ಮೇಲೆತ್ತಿ, 2005ರಲ್ಲಿ ಅದನ್ನು ಯುಬಿಎ ಎಂಬ ದೊಡ್ಡ ಬ್ಯಾಂಕಿನ ಜೊತೆ ಸೇರಿಸಿದರು. ಇಲ್ಲೂ ಕಾಗದದ ಪ್ರಶ್ನೆ ಇದೆ. 2004ರಲ್ಲಿ ಕೇಂದ್ರ ಬ್ಯಾಂಕ್ ಕನಿಷ್ಠ ಬಂಡವಾಳವನ್ನು 2 ಬಿಲಿಯನ್ ನೈರಾದಿಂದ (ನೈರಾ ಅಲ್ಲಿನ ನಾಣ್ಯ) ಒಮ್ಮೆಲೇ 25 ಬಿಲಿಯನ್ನಿಗೆ ಏರಿಸಿತು, 89 ಬ್ಯಾಂಕುಗಳು 25ಕ್ಕೆ ಇಳಿದವು.

ಕಾಗದ ಕೊಡುವ ಕೈಯೇ ಕಿತ್ತುಕೊಳ್ಳುವುದೂ ಉಂಟು. ಫೊಲೊರುನ್ಶೊ ಅಲಾಕಿಜಾ ಬಟ್ಟೆ ವಿನ್ಯಾಸದಲ್ಲಿ ಹೆಸರು ಮಾಡಿದವರು. ಮಿಲಿಟರಿ ಆಡಳಿತದ ಕಾಲದಲ್ಲಿ, 1993ರಲ್ಲಿ, ಅವರ ಫಾಮ್ಫಾ ಕಂಪನಿಗೆ ಸಮುದ್ರದ ಆಳದ ಒಂದು ತೈಲ ಬ್ಲಾಕ್ ಸಿಕ್ಕಿತು. ಆಳ ನೀರು, ಯಾರಿಗೂ ಅಷ್ಟು ಆಸಕ್ತಿ ಇರಲಿಲ್ಲ. ಕೆಲವು ವರ್ಷದಲ್ಲಿ ಅಲ್ಲಿ ಅಗ್ಬಾಮಿ ಅನ್ನುವ ಭಾರಿ ನಿಕ್ಷೇಪ ಸಿಕ್ಕಿದ ಕೂಡಲೇ ಸರ್ಕಾರ ಪಾಲು ಬೇಕು ಎಂದು ತೆಗೆದುಕೊಂಡಿತು. ಅವರು ಕೋರ್ಟಿಗೆ ಹೋದರು, ಬಿಡಲಿಲ್ಲ, 2012ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಅಜ್ಜನೂ ಇಲ್ಲ, ಲೈಸೆನ್ಸೂ ಇಲ್ಲ, ಆಗ ಏನು ಮಾಡಬೇಕು? ಆಗ್ನೇಯ ಭಾಗದ ಇಗ್ಬೊ ಜನರ ಉತ್ತರ ಇದೆ. ಬೇರೆ ದೇಶ ಬೇಕೆಂದು ಅವರು ಮಾಡಿದ ಬಿಯಾಫ್ರಾ ಯುದ್ಧ 1970ರಲ್ಲಿ ಸೋತು ಮುಗಿದಾಗ, ಬ್ಯಾಂಕಿನಲ್ಲಿ ಎಷ್ಟೇ ಇಟ್ಟಿದ್ದರೂ ಅವರ ಕೈಗೆ ಬಂದದ್ದು 20 ಪೌಂಡ್. 1972ರಲ್ಲಿ ವಿದೇಶಿ ಕಂಪನಿಗಳ ಪಾಲನ್ನು ದೇಶದವರಿಗೆ ಮಾರಬೇಕು ಎಂಬ ಆಜ್ಞೆ ಬಂತು. ಕೊಳ್ಳಲು ಅವರ ಹತ್ತಿರ ದುಡ್ಡೆಲ್ಲಿತ್ತು? ಈ ಎರಡು ಇಸವಿಗಳನ್ನು ಒಟ್ಟಿಗೇ ಬರೆದುಕೊಳ್ಳಿ, ಬೇರೆ ಬೇರೆ ಓದಿದರೆ ಅನ್ಯಾಯದ ಅಳತೆ ಗೊತ್ತಾಗುವುದಿಲ್ಲ.

ಅವರನ್ನು ಎತ್ತಿದ್ದು 'ಇಗ್ಬಾ ಬೊಯಿ' ಅನ್ನುವ ಹಳೆಯ ಪದ್ಧತಿ. ಹತ್ತು ಹದಿನೈದರ ಹುಡುಗ ಪರಿಚಯದ ಅಥವಾ ನೆಂಟರ ವ್ಯಾಪಾರಿಯ ಮನೆ ಸೇರುತ್ತಾನೆ. ಆ ಯಜಮಾನನಿಗೆ 'ಓಗಾ' ಎನ್ನುತ್ತಾರೆ. ಸಂಬಳ ಇಲ್ಲ. ಊಟ, ವಸತಿ ಅಲ್ಲೇ. ಬೆಳಗ್ಗೆ ಅಂಗಡಿ ಶಟರ್ ಎತ್ತುವುದು, ಧೂಳು ಹೊಡೆಯುವುದು, ಗಿರಾಕಿ ಕರೆಯುವುದು. ಗಿರಾಕಿ ಕೇಳಿದ ವಸ್ತು ಅಂಗಡಿಯಲ್ಲಿ ಇಲ್ಲದಿದ್ದರೆ 'ಇಲ್ಲ' ಅನ್ನುವ ಹಾಗಿಲ್ಲ, ಅವರನ್ನು ಕೂರಿಸಿ ಪಕ್ಕದ ಅಂಗಡಿಗೆ ಓಡಿ ತಂದು, ಮೇಲೆ ಸ್ವಲ್ಪ ಇಟ್ಟು ಮಾರಬೇಕು. ಹೀಗೆ ಐದಾರು ಏಳು ವರ್ಷ. ಸರಕು, ದರ, ಸಾಲ ಕೊಡುವವರು, ಮೋಸ ಮಾಡುವವರು ಎಲ್ಲರ ಪರಿಚಯವಾಗುತ್ತದೆ. ಅವಧಿ ಮುಗಿದ ಮೇಲೆ ಓಗಾ ಅವನನ್ನು 'ಸೆಟಲ್' ಮಾಡುತ್ತಾನೆ. ಅಂದರೆ ದುಡ್ಡೋ ಸರಕೋ ಕೊಟ್ಟು, ಸ್ವಂತ ಅಂಗಡಿ ಇಡಿಸುತ್ತಾನೆ, ಅದೇ ಬಜಾರಿನಲ್ಲಿ, ತನಗೇ ಪೈಪೋಟಿಯಾಗಿ! ಅವನೂ ಮುಂದೆ ಹುಡುಗರನ್ನು ಇಟ್ಟುಕೊಳ್ಳುತ್ತಾನೆ. ಒನಿಟ್ಶಾ, ನ್ನೆವಿ, ಲಾಗೋಸಿನ ಅಲಾಬಾ ಬಜಾರುಗಳು ಬೆಳೆದದ್ದು ಹೀಗೆ. ನೈರುತ್ಯ ಭಾಗದ ಯೊರುಬಾ ಜನರ ಬಜಾರುಗಳಲ್ಲಿ ಹೆಂಗಸರು ಹಾಕುವ 'ಎಸುಸು' ಕೂಡ ಇದೇ ಜಾತಿಯ ಬಂಡವಾಳ, ನಮ್ಮ ಚೀಟಿ ಹಾಗೆಯೇ, ಎಲ್ಲರೂ ಹಾಕಿ ಸರದಿಯ ಮೇಲೆ ಒಬ್ಬೊಬ್ಬರು ಎತ್ತುವುದು.

ನ್ನೆವಿಯ ಇನೊಸೆಂಟ್ ಚುಕ್ವುಮಾ ಬಿಡಿಭಾಗಗಳ ಅಂಗಡಿಯಲ್ಲಿ ಹೀಗೇ ಕಲಿತವರು. ಬೈಕುಗಳನ್ನು ಪೂರ್ತಿ ಜೋಡಿಸಿ ತರಿಸಿದರೆ ಕಂಟೇನರಿನಲ್ಲಿ ಜಾಗವೆಲ್ಲ ಗಾಳಿಗೇ ಹೋಗುತ್ತದೆ ಎಂದು ಕಂಡುಕೊಂಡು, ಬಿಚ್ಚಿದ ಭಾಗಗಳಾಗಿ ತರಿಸಿ ಊರಲ್ಲೇ ಜೋಡಿಸಿದರು. ಒಂದೇ ಕಂಟೇನರಿನಲ್ಲಿ ಎಷ್ಟೋ ಪಟ್ಟು ಬೈಕ್ ಬಂದವು, ಬೆಲೆ ಇಳಿಯಿತು. ಅಲ್ಲಿಂದ ಪ್ಲಾಸ್ಟಿಕ್, ಅಲ್ಲಿಂದ ಇನೊಸನ್ ಕಾರು ಬಸ್ಸುಗಳು. 2010ರಲ್ಲಿ ಅಧ್ಯಕ್ಷರೇ ಬಂದು ನ್ನೆವಿಯ ಕಾರ್ಖಾನೆ ಉದ್ಘಾಟಿಸಿದರು.

ಈ ಪದ್ಧತಿಯಲ್ಲಿ ಬರಹದ ಒಪ್ಪಂದ ಇಲ್ಲದ್ದರಿಂದ ಮೋಸವೂ ಇದೆ. ಸೆಟಲ್ ಮಾಡುವ ಸಮಯ ಹತ್ತಿರ ಬಂದಾಗ ಕಳ್ಳತನದ ಆರೋಪ ಹೊರಿಸಿ ಹುಡುಗನನ್ನು ಬರಿಗೈಯಲ್ಲಿ ಓಡಿಸುವ ಓಗಾಗಳು ಇದ್ದಾರೆ. ಇದೇ ಪದ್ಧತಿಯಲ್ಲಿ ಕಲಿತ ಕೊಸ್ಮಸ್ ಮಡುಕಾ ಚಿಕ್ಕಪ್ಪನ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದು ಕೊನೆಗೆ ಮನಸ್ತಾಪವಾಗಿ ಹೊರಬಿದ್ದಾಗ ಕೈಯಲ್ಲಿ ಇಟ್ಟದ್ದು 200 ನೈರಾ. ಆ ದುಡ್ಡಿನಿಂದ ಬಿಡಿಭಾಗ ಮಾರಲು ಶುರು ಮಾಡಿದರು. 1982ರಲ್ಲಿ, ತಮ್ಮ ಹೆಸರಿನ ತುಣುಕಿಗೆ ಹೆಂಡತಿ ಚಾರಿಟಿಯ ಹೆಸರಿನ ತುಣುಕು ಸೇರಿಸಿ, ಕೊಸ್ಚಾರಿಸ್ ಎಂಬ ಕಂಪನಿ ತೆರೆದರು.