ಬ್ಯಾಕ್ಟೀರಿಯಾದ ತರವಾಡು ಮನೆ

ಹೋದ ಮಳೆಗಾಲದ ಕೊನೆಗೆ ಕಾಸರಗೋಡಿನ ಮುಳ್ಳೇರಿಯ ಕಡೆಯ ಹಿರಿಯ ಕೃಷಿಕರೊಬ್ಬರು ನನ್ನ ಲ್ಯಾಬಿಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಅಡಿಕೆ ಸೋಗೆಯ ತುಂಡು. ಘಟ್ಟದ ಮೇಲೆ ಅವರ ಅಳಿಯನ ತೋಟ ಇದೆ, ಅಲ್ಲಿಂದ ತಂದದ್ದು. ಎಲೆಯ ನಡುನರದ ಪಕ್ಕ ಉದ್ದುದ್ದ ಪಟ್ಟೆಗಳು, ನೀರಲ್ಲಿ ನೆನೆದ ಹಾಗೆ. ತಿರುಗಿಸಿ ನೋಡಿದರೆ ಅಡಿಯಲ್ಲಿ ಕೆನೆಬಣ್ಣದ ಅಂಟು.

"ಟೀಚರೇ, ಇದರ ಹೆಸರು ಎಂತ? ಹಳೇ ಪುಸ್ತಕದಲ್ಲಿ ಒಂದು ಉಂಟು, ಆಮೇಲಿನದ್ದರಲ್ಲಿ ಇನ್ನೊಂದು. ಮಗ ಮೊಬೈಲಲ್ಲಿ ನೋಡಿದರೆ ಮತ್ತೊಂದು. ಯಾವುದು ಸರಿ?"

ಒಳ್ಳೆಯ ಪ್ರಶ್ನೆ. ಮೂರೂ ಹೆಸರು ಒಂದೇ ಬ್ಯಾಕ್ಟೀರಿಯಾದ್ದು. ಅಡಿಕೆಯ ಎಲೆಪಟ್ಟೆ ರೋಗ ತರುವ ಇದಕ್ಕೆ 1970ರಲ್ಲಿ ರಾವ್ ಮತ್ತು ಮೋಹನ್ ಎಂಬ ವಿಜ್ಞಾನಿಗಳು ಕ್ಸಾಂಥೊಮೊನಾಸ್ ಅರೆಕೆ ಎಂದು ಹೆಸರಿಟ್ಟರು. ಆಮೇಲೆ ಅದು ಕ್ಸಾಂಥೊಮೊನಾಸ್ ಕ್ಯಾಂಪೆಸ್ಟ್ರಿಸ್ ಪಾಥೊವಾರ್ ಅರೆಕೆ ಆಯಿತು. 2020ರಿಂದ ಕ್ಸಾಂಥೊಮೊನಾಸ್ ವಾಸಿಕೋಲ ಪಾಥೊವಾರ್ ಅರೆಕೆ. ಮೊದಲಿನ 'ಕ್ಸಾಂಥೊಮೊನಾಸ್', ಕೊನೆಯ 'ಅರೆಕೆ' ಉಳಿದುಕೊಂಡಿವೆ, ನಡುವಿನದ್ದು ಬದಲಾಗಿದೆ. ವಿಜ್ಞಾನಿಗಳು ಸುಮ್ನೆ ಕುಳಿತು ಹೆಸರು ಬದಲಾಯಿಸುತ್ತಾರೆ ಎಂದು ಆ ಕೃಷಿಕರಿಗೆ ಅನಿಸಿತ್ತು. ಹಾಗಲ್ಲ. ಇದಕ್ಕೆ ಒಂದು ಕಾನೂನು ಇದೆ. ಆ ಕಾನೂನಿನ ಬುಡದಲ್ಲಿ ಒಂದು ಗಾಜಿನ ಆಂಪೂಲ್ ಇದೆ, ಅಂದರೆ ಬ್ಯಾಕ್ಟೀರಿಯಾವನ್ನು ಜೀವಂತ ಮುಚ್ಚಿಟ್ಟ ಪುಟ್ಟ ಕೊಳವೆ.

ಮೊದಲು 1980ರ ಕಥೆ ಹೇಳಬೇಕು. ಅದಕ್ಕೆ ಮುಂಚೆ ಬ್ಯಾಕ್ಟೀರಿಯಾಗಳ ಹೆಸರುಗಳು ಹತ್ತಾರು ಸಾವಿರ ಇದ್ದವು. ಒಬ್ಬರು ಟೊಮೆಟೊದಲ್ಲಿ ಕಂಡರೆ ಒಂದು ಹೆಸರು, ಮತ್ತೊಬ್ಬರು ಬದನೆಯಲ್ಲಿ ಕಂಡರೆ ಇನ್ನೊಂದು. ಎಷ್ಟೋ ಹೆಸರುಗಳ ಹಿಂದೆ ಜೀವಂತ ಬ್ಯಾಕ್ಟೀರಿಯಾವೇ ಇರಲಿಲ್ಲ. ಹಳೆಯ ಪುಟದಲ್ಲಿ ಎರಡು ಸಾಲಿನ ವಿವರಣೆ, ಅಷ್ಟೇ. ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಕೈಯಲ್ಲಿ ಏನೂ ಇಲ್ಲ. ಕೊನೆಗೆ ಎಲ್ಲರೂ ಸೇರಿ 1980ರ ಜನವರಿ 1ನ್ನು ಹೊಸ ಲೆಕ್ಕದ ಮೊದಲ ದಿನ ಎಂದು ಮಾಡಿದರು. ಒಪ್ಪಿತ ಹೆಸರುಗಳ ಪಟ್ಟಿ ಬಂತು. ಅದರಲ್ಲಿದ್ದದ್ದು ಸುಮಾರು 2,500 ಹೆಸರು. ಉಳಿದವು ಮಾನ್ಯತೆ ಕಳೆದುಕೊಂಡವು.

ಕ್ಸಾಂಥೊಮೊನಾಸ್ ಕುಲದಲ್ಲಿ ಆಗ ನೂರಕ್ಕೂ ಜಾಸ್ತಿ ಪ್ರಭೇದಗಳ ಹೆಸರಿತ್ತು. ಪಟ್ಟಿಗೆ ಬಂದದ್ದು ಐದು. ನಮ್ಮ ಅಡಿಕೆಯದ್ದು ಬರಲಿಲ್ಲ. ಹಾಗೆಂದು ಕೃಷಿ ವಿಜ್ಞಾನಿಗಳು ಅದನ್ನು ಬಿಡಲಾಗುತ್ತದೆಯೇ? ಯಾವ ಗಿಡಕ್ಕೆ ರೋಗ ತರುತ್ತದೆ ಎಂಬುದೇ ತೋಟದವರಿಗೆ ಮುಖ್ಯ. ಅದಕ್ಕಾಗಿ ಪ್ರಭೇದದ ಕೆಳಗೆ ಪಾಥೊವಾರ್ ಎಂಬ ದರ್ಜೆ ಮಾಡಿಕೊಂಡರು. ಅದಕ್ಕೆ ಸಸ್ಯರೋಗ ತಜ್ಞರದ್ದೇ ಬೇರೆ ನಿಯಮ. ಆದರೆ ಅಲ್ಲೂ ಒಂದು ಷರತ್ತು ಇತ್ತು. ಪ್ರತಿ ಪಾಥೊವಾರ್‌ಗೂ ಒಂದು ಜೀವಂತ ತಳಿಯನ್ನು ಗುರುತಿಸಿ, ಸಂಗ್ರಹದಲ್ಲಿ ಕಾಪಾಡಬೇಕು.

ಆ ಷರತ್ತು ನಮ್ಮನ್ನು ಉಳಿಸಿತು. ಭಾರತದ ಅಡಿಕೆಯಿಂದ ತೆಗೆದ ತಳಿ ಬ್ರಿಟನ್ನಿನ ಸಸ್ಯರೋಗ ಬ್ಯಾಕ್ಟೀರಿಯಾ ಸಂಗ್ರಹದಲ್ಲಿ ಹಾಗೇ ಇತ್ತು. ದಶಕಗಳ ಮೇಲೆ ಅದರ ಇಡೀ ಜೀನೋಮ್, ಅಂದರೆ ಡಿಎನ್‌ಎಯ ಪೂರ್ತಿ ಬರಹ, ಓದಿದರು. ಆಗ ಗೊತ್ತಾಯಿತು, ಇದಕ್ಕೂ ಕ್ಯಾಂಪೆಸ್ಟ್ರಿಸ್‌ಗೂ ಹತ್ತಿರದ ನಂಟಿಲ್ಲ. ಇಥಿಯೋಪಿಯಾ, ಉಗಾಂಡಾಗಳಲ್ಲಿ ಬಾಳೆಯನ್ನು ಬಾಡಿಸಿ ಕೊಲ್ಲುವ ಬ್ಯಾಕ್ಟೀರಿಯಾ ಇದರ ಹತ್ತಿರದ ಸಂಬಂಧಿ. ಎರಡನ್ನೂ ಒಟ್ಟಿಗೆ ವಾಸಿಕೋಲದ ಕೆಳಗೆ ತಂದರು. ಅಡಿಕೆ ಮರದ ನಡುವೆ ಬಾಳೆ ನೆಡುವ ನಮಗೆ ಇದು ತಿಳಿದಿರಬೇಕಾದ ಸಂಗತಿ ಅಲ್ವಾ? 1970ರಲ್ಲಿ ಯಾರೂ ಆ ತಳಿಯನ್ನು ತೆಗೆದಿಡದೆ ಇದ್ದಿದ್ದರೆ ಇವತ್ತು ಅದರ ಬಗ್ಗೆ ಏನೂ ಹೇಳುವಂತಿರಲಿಲ್ಲ.

ಈಗ ಟೈಪ್ ಸ್ಟ್ರೈನ್ ಎಂದರೇನು ಎಂಬ ಮಾತಿಗೆ ಬರುತ್ತೇನೆ. ಕ್ಲಾಸಿನಲ್ಲಿ ಮಕ್ಕಳು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲೇ. ಟೈಪ್ ಸ್ಟ್ರೈನ್ ಎಂದರೆ ಆ ಪ್ರಭೇದದ ಅತ್ಯಂತ ಒಳ್ಳೆಯ ಮಾದರಿ ಎಂದುಕೊಳ್ಳುತ್ತಾರೆ. ಅದು ಹಾಗಿರಬೇಕಾಗಿಲ್ಲ. ಅದು ಹೆಸರನ್ನು ಹೊತ್ತುಕೊಂಡಿರುವ ತಳಿ, ಅಷ್ಟೇ. ನಾನು ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಉದಾಹರಣೆ ಕೊಡುತ್ತೇನೆ. ಕುಟುಂಬ ಪಾಲಾದಾಗ ಮನೆತನದ ಹೆಸರು ಎಲ್ಲಿ ನಿಲ್ಲುತ್ತದೆ? ತರವಾಡು ಮನೆಯಲ್ಲಿ. ಹೊರಗೆ ಹೋದವರು ಎಷ್ಟೇ ಜಾಸ್ತಿ ಇರಲಿ, ಎಷ್ಟೇ ದೊಡ್ಡ ಮನೆ ಕಟ್ಟಲಿ, ಹೊಸ ಮನೆಗೆ ಹೊಸ ಹೆಸರು. ಬ್ಯಾಕ್ಟೀರಿಯಾದಲ್ಲಿ ತರವಾಡು ಮನೆ ಟೈಪ್ ಸ್ಟ್ರೈನ್.

ಶುಂಠಿ, ಬದನೆ ಬೆಳೆಯುವವರಿಗೆ ಇದರ ಒಂದು ಉದಾಹರಣೆ ಚೆನ್ನಾಗಿ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಬೆಳಿಗ್ಗೆ ಹಸಿರಾಗಿದ್ದ ಬದನೆ ಗಿಡ ಸಂಜೆಗೆ ಜೋತು ಬೀಳುತ್ತದೆ. ಕಾಂಡ ಕತ್ತರಿಸಿ ಗ್ಲಾಸಿನ ನೀರಲ್ಲಿ ಇಳಿಬಿಟ್ಟರೆ ಬೆಳ್ಳಗೆ ಹಾಲಿನ ಎಳೆಯಂತೆ ಇಳಿದು ಬರುತ್ತದೆ. ಅದು ಸೊರಗು ರೋಗದ ಬ್ಯಾಕ್ಟೀರಿಯಾ. ಮೊದಲು ಸ್ಯೂಡೊಮೊನಾಸ್ ಆಗಿತ್ತು, 1992ರಲ್ಲಿ ಬರ್ಕ್‌ಹೋಲ್ಡೇರಿಯಾ ಆಯಿತು, 1995ರಲ್ಲಿ ರಾಲ್ಸ್ಟೋನಿಯಾ ಸೋಲನೇಸಿಯಾರಮ್ ಆಯಿತು. 2014ರಲ್ಲಿ ಇದು ಒಂದಲ್ಲ, ಮೂರು ಪ್ರಭೇದ ಎಂದು ತೀರ್ಮಾನಿಸಿದರು. ಹಾಗಾದರೆ ಹಳೆಯ ಹೆಸರು ಯಾರಿಗೆ? ಟೈಪ್ ಸ್ಟ್ರೈನ್ ಅಮೆರಿಕದ ಟೊಮೆಟೊ ಗಿಡದಿಂದ ತೆಗೆದದ್ದು, ಕೆ60 ಎಂದು ಅದರ ನಂಬರ್. ಅದು ಇರುವ ಗುಂಪಿಗೇ ಹಳೆಯ ಹೆಸರು ಉಳಿಯಿತು. ಏಷ್ಯಾದಲ್ಲಿ ಶುಂಠಿಯನ್ನು ಕೊಲ್ಲುವ ಗುಂಪು ರಾಲ್ಸ್ಟೋನಿಯಾ ಸ್ಯೂಡೊಸೋಲನೇಸಿಯಾರಮ್ ಆಯಿತು. ನಮ್ಮ ಗದ್ದೆಯಲ್ಲಿ ಅದು ಎಷ್ಟೇ ಇರಲಿ, ಲೆಕ್ಕಕ್ಕಿಲ್ಲ. ಮತ ಹಾಕಿ ತೀರ್ಮಾನಿಸುವ ವಿಷಯ ಇದಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಿಯಮ ಹೆಸರಿಗೆ ಮಾತ್ರ. ಎರಡು ಬ್ಯಾಕ್ಟೀರಿಯಾ ಒಂದೇ ಪ್ರಭೇದವೋ ಬೇರೆಯೋ ಎಂದು ಅದು ಹೇಳುವುದಿಲ್ಲ. ಅದು ವಿಜ್ಞಾನಿಯ ತೀರ್ಮಾನ. 2009ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ವಾತಾವರಣದ ಮೇಲಿನ ಪದರದಿಂದ ತಂದ ಗಾಳಿಯಲ್ಲಿ ಸಿಕ್ಕಿದ ಒಂದು ತಳಿಗೆ ಬ್ಯಾಸಿಲಸ್ ಆರ್ಯಭಟ್ಟೈ ಎಂದು ಹೆಸರಿಟ್ಟರು. 2019ರಲ್ಲಿ ಜೀನೋಮ್ ಹೋಲಿಸಿ ನೋಡಿದವರು, ಇದು 1884ರಲ್ಲೇ ವಿವರಿಸಿದ ಬ್ಯಾಸಿಲಸ್ ಮೆಗಾಟೇರಿಯಮ್ ಎಂದರು. ಒಂದೇ ಎಂದು ಒಪ್ಪಿದರೆ ಹಳೆಯ ಹೆಸರೇ ಗೆಲ್ಲುತ್ತದೆ. ಆರ್ಯಭಟನ ಹೆಸರು ಹಿಂದೆ ಸರಿಯುವುದು ನನಗೂ ಬೇಜಾರೇ. ಆದರೂ ಮೊದಲು ಬಂದ ಹೆಸರಿಗೆ ಮೊದಲ ಹಕ್ಕು ಎಂಬುದು ನ್ಯಾಯ.

ಇದಕ್ಕೂ ಅಪವಾದ ಇದೆ. ಪ್ಲೇಗಿನ ಯೆರ್ಸಿನಿಯಾ ಪೆಸ್ಟಿಸ್ ಅನ್ನು ಯೆರ್ಸಿನಿಯಾ ಸ್ಯೂಡೊಟ್ಯೂಬರ್‌ಕ್ಯುಲೋಸಿಸ್ ಎಂಬ ಅಷ್ಟು ಅಪಾಯವಿಲ್ಲದ ಪ್ರಭೇದದ ಉಪಪ್ರಭೇದ ಮಾಡಲು ಹೊರಟಿದ್ದರು. ವಂಶದ ದೃಷ್ಟಿಯಿಂದ ಅದು ತಪ್ಪಲ್ಲ. ಆದರೆ ಉದ್ದ ಹೆಸರು ನೋಡಿ ಯಾರಾದರೂ ಲ್ಯಾಬಿನಲ್ಲಿ ಪ್ಲೇಗನ್ನು ಹಗುರವಾಗಿ ತೆಗೆದುಕೊಂಡರೆ? 1985ರಲ್ಲಿ ಹೆಸರಿನ ನ್ಯಾಯ ಮಂಡಳಿ ಆ ಹೊಸ ಹೆಸರನ್ನು ಅಪಾಯಕಾರಿ ಎಂದು ತಿರಸ್ಕರಿಸಿತು. ನಿಯಮ ಮಾಡಿದವರು ಮನುಷ್ಯರ ಜೀವವನ್ನು ನೆನಪಿಟ್ಟುಕೊಂಡಿದ್ದಾರೆ ಎಂದು ಇದನ್ನು ಓದಿದಾಗಲೆಲ್ಲ ನನಗೆ ಸಮಾಧಾನ.

ಹೊಸ ಪ್ರಭೇದಕ್ಕೆ ಹೆಸರಿಡುವವರು ಈಗ ಏನೇನು ಮಾಡಬೇಕು? ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ, ಗುರುತು ಹಿಡಿಯಲು ಬಳಸುವ 16ಎಸ್ ಜೀನ್ ಓದಬೇಕು. ಗೊತ್ತಿರುವ ಪ್ರಭೇದಗಳೊಂದಿಗೆ ಹೋಲಿಕೆ ಸುಮಾರು 98.7 ಶೇಕಡಕ್ಕಿಂತ ಕಡಿಮೆ ಬಂದರೆ ಹೊಸದಿರಬಹುದು. ಇಡೀ ಜೀನೋಮ್ ಹೋಲಿಸಿದರೆ 95-96 ಶೇಕಡ ಗಡಿ. ವಿವರಣೆ ಬರೆದು ಪ್ರಕಟಿಸಬೇಕು. ಪ್ರಕಟವಾದರೆ ಸಾಕಾಗದು, ಹೆಸರು ಸಿಂಧುವಾಗಲು ಅಂತರರಾಷ್ಟ್ರೀಯ ವರ್ಗೀಕರಣ ಪತ್ರಿಕೆಯಲ್ಲೇ ಬರಬೇಕು. ಬೇರೆ ಕಡೆ ಬಂದಿದ್ದರೆ ಆ ಪತ್ರಿಕೆಯ ಮಾನ್ಯತೆ ಪಟ್ಟಿಗೆ ಸೇರಬೇಕು. ಇದೆಲ್ಲ ಕಷ್ಟವಲ್ಲ.

ಕಷ್ಟ ಇರುವುದು ಠೇವಣಿಯಲ್ಲಿ. 2001ರಿಂದ ನಿಯಮ ಹೀಗಿದೆ: ಟೈಪ್ ಸ್ಟ್ರೈನನ್ನು ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಇಡಬೇಕು. ಕೇಳಿದ ವಿಜ್ಞಾನಿಗೆ ಅಲ್ಲಿಂದ ಸಿಗಬೇಕು. ಪೇಟೆಂಟ್‌ಗಾಗಿ ಬೀಗ ಹಾಕಿ ಇಟ್ಟದ್ದು ನಡೆಯದು. ನಮ್ಮಲ್ಲಿ ಚಂಡೀಗಢದ ಎಂಟಿಸಿಸಿ ಇದೆ, ಪುಣೆಯಲ್ಲಿ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ ಇದೆ. ಹೊರಗೆ ಜರ್ಮನಿಯ ಡಿಎಸ್‌ಎಂಜೆಡ್, ಜಪಾನಿನ ಜೆಸಿಎಂ ಇತ್ಯಾದಿ. ಭಾರತದ ಜೀವಿ ಹೊರದೇಶಕ್ಕೆ ಹೋಗುವುದರಿಂದ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರವೂ ಕಾಗದ ಸರಿ ಇರಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಎಷ್ಟೋ ಮಂದಿ ಇದನ್ನು ಕೊನೆಗೆ ಮಾಡೋಣ ಎಂದು ಬಿಡುತ್ತಾರೆ.

ನಾನೂ ಹಾಗೇ ಬಿಟ್ಟಿದ್ದೆ. ಬಾಯಾರು ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಒಂದು ಸುರಂಗ ಇದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ ನಮ್ಮೂರ ಸುರಂಗ. ಅದರ ಗೋಡೆಯ ಲೋಳೆಯಿಂದ ಅವಳು ಒಂದು ಬ್ಯಾಕ್ಟೀರಿಯಾ ಬೆಳೆಸಿದಳು. 16ಎಸ್ ಹೋಲಿಕೆ ಗಡಿಗಿಂತ ಸಾಕಷ್ಟು ಕೆಳಗಿತ್ತು. ಹೆಸರಿನ ಬಗ್ಗೆ ನಾವು ವಾರಗಟ್ಟಲೆ ಮಾತಾಡಿದ್ದೆವು. ಊರಿನ ಹೆಸರೇ ಇಡಬೇಕೆಂದು ಅವಳ ಆಸೆ. ಲ್ಯಾಟಿನ್ ರೂಪದಲ್ಲಿ ಕೊನೆಗೆ 'ಎನ್ಸಿಸ್' ಸೇರಿಸಬೇಕು. ಬಾಯಾರೆನ್ಸಿಸ್ ಆಗಬೇಕೋ, ಬಾಯಾರುಯೆನ್ಸಿಸ್ ಆಗಬೇಕೋ? ಕನ್ನಡದಲ್ಲಿ ಬಾಯಾರು, ಮಲಯಾಳದಲ್ಲಿ ಬರೆದರೆ ಬಾಯಾರ್. ಗಡಿನಾಡಿನವರಿಗೆ ಇದು ಸಣ್ಣ ವಿಷಯ ಅಲ್ಲ. ಒಮ್ಮೆ ಸಿಂಧುವಾಗಿ ಪ್ರಕಟವಾದ ಹೆಸರಿನಲ್ಲಿ ಅಚ್ಚಿನ ತಪ್ಪು, ಕಾಗುಣಿತದ ತಪ್ಪು ಬಿಟ್ಟರೆ ಏನನ್ನೂ ತಿದ್ದುವಂತಿಲ್ಲ. ಕುಲದ ಹೆಸರಿನ ಲಿಂಗವನ್ನೂ ನೋಡಬೇಕು. ಬ್ಯಾಸಿಲಸ್ ಪುಲ್ಲಿಂಗ, ಆದ್ದರಿಂದ ಬ್ಯಾಸಿಲಸ್ ಇಂಡಿಕಸ್. ಸ್ಯೂಡೊಮೊನಾಸ್ ಸ್ತ್ರೀಲಿಂಗ, ಆದ್ದರಿಂದ ಸ್ಯೂಡೊಮೊನಾಸ್ ಇಂಡಿಕ.

ಹೆಸರಿನ ಮೇಲೆ ಇಷ್ಟು ಪ್ರೀತಿ ಇಟ್ಟ ನಾವು ತಳಿಯನ್ನು ಎಲ್ಲಿ ಇಟ್ಟಿದ್ದೆವು? ಗ್ಲಿಸರಾಲ್ ಹಾಕಿದ ಟ್ಯೂಬುಗಳೆಲ್ಲ ಒಂದೇ ಫ್ರೀಜರಿನಲ್ಲಿ. ಜೂನ್ ತಿಂಗಳ ಗಾಳಿಮಳೆಗೆ ಲೈನು ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಜನರೇಟರ್ ಓಡಲಿಲ್ಲ. ಅದು ಗೊತ್ತಾಗುವಾಗ ಟ್ಯೂಬುಗಳು ಕೋಣೆಯ ಶಾಖಕ್ಕೆ ಬಂದಿದ್ದವು. ಯಾವುದರಿಂದಲೂ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಓದಿಟ್ಟ ಡಿಎನ್‌ಎ ಅಕ್ಷರಗಳ ಸಾಲು, ಅಂದರೆ ಸೀಕ್ವೆನ್ಸ್ ಇತ್ತು, ಫೋಟೋ ಇತ್ತು, ಅರ್ಧ ಬರೆದ ಪ್ರಬಂಧ ಇತ್ತು. ಅವಳು ಅಳಲಿಲ್ಲ, ಮಾತಾಡಲೂ ಇಲ್ಲ. ಪುಣೆಗೆ ಒಂದು ಆಂಪೂಲ್ ಮೊದಲೇ ಹೋಗಿದ್ದರೆ ಸಾಕಿತ್ತು. ಕಳಿಸಬೇಕಾದವಳು ನಾನು.

ಬೆಳೆಸಲು ಬರದ ಬ್ಯಾಕ್ಟೀರಿಯಾಗಳ ಗತಿ ಏನು ಎಂದು ಕೇಳಬಹುದು. ಸುಳ್ಯ ಕಡೆಯ ಅಡಿಕೆ ತೋಟಗಳನ್ನು ಹಾಳು ಮಾಡಿದ ಹಳದಿ ಎಲೆ ರೋಗದ ಜೊತೆ ಕಾಣುವ ಫೈಟೊಪ್ಲಾಸ್ಮಾ ಅಂಥದ್ದು. ತಟ್ಟೆಯಲ್ಲಿ ಬೆಳೆಯದು. ಟೈಪ್ ಸ್ಟ್ರೈನ್ ಇಲ್ಲ, ಹಾಗಾಗಿ ಈ ಗುಂಪಿನ ಹೆಸರಿನ ಮುಂದೆ ಕ್ಯಾಂಡಿಡೇಟಸ್ ಎಂದು ಬರೆಯುತ್ತಾರೆ, ಅಂದರೆ ಉಮೇದುವಾರ. ಜೀನೋಮನ್ನೇ ಟೈಪ್ ಎಂದು ಒಪ್ಪಿ ಎಂಬ ಬೇಡಿಕೆಯನ್ನು ಈ ಹೆಸರಿನ ನಿಯಮ ನೋಡಿಕೊಳ್ಳುವ ಹಳೆಯ ಸಮಿತಿ 2020ರಲ್ಲಿ ತಳ್ಳಿಹಾಕಿತು. ಆಗ ಒಂದು ಗುಂಪು 2022ರಲ್ಲಿ ಸೀಕ್‌ಕೋಡ್ ಎಂಬ ಬೇರೆ ನಿಯಮಾವಳಿಯನ್ನೇ ತಂದಿತು. ಅದರಲ್ಲಿ ಜೀನೋಮ್ ಸಾಕು. ಫೈಟೊಪ್ಲಾಸ್ಮಾದಂಥವಕ್ಕೆ ಇದು ಬೇಕೇ ಬೇಕು ಎಂದು ನನ್ನ ಅಭಿಪ್ರಾಯ. ಆದರೆ ತಟ್ಟೆಯಲ್ಲಿ ಬೆಳೆಯುವುದನ್ನು ಉಳಿಸಿಡದೆ ಸೀಕ್ವೆನ್ಸ್ ಮಾತ್ರ ಇಟ್ಟುಕೊಳ್ಳುವುದನ್ನು ಒಪ್ಪಲಾರೆ. ಯಾವ ಔಷಧಕ್ಕೆ ಸಾಯುತ್ತದೆ, ಯಾವ ಗಿಡಕ್ಕೆ ಹತ್ತುತ್ತದೆ ಎಂದು ಅಕ್ಷರಗಳ ಸಾಲನ್ನು ಬೆಳೆಸಿ ನೋಡಲಾಗುವುದಿಲ್ಲ.

ಆ ಹುಡುಗಿ ಬಿಡಲಿಲ್ಲ. ಮಳೆ ನಿಂತ ಮೇಲೆ ಅಪ್ಪನ ಹೆಡ್‌ಲೈಟ್ ಕಟ್ಟಿಕೊಂಡು ಮತ್ತೆ ಸುರಂಗಕ್ಕೆ ಇಳಿದಳು. ನಾಲ್ಕು ಸಲ ಏನೂ ಸಿಗಲಿಲ್ಲ. ಐದನೇ ಸಲ ಅದೇ ಹಳದಿ ಬಣ್ಣದ ಸಣ್ಣ ಕಾಲೊನಿ, ಅದೇ 16ಎಸ್. ಆ ವಾರವೇ ಪುಣೆಗೆ ಪಾರ್ಸೆಲ್ ಕಳಿಸಿದೆವು. ಅಲ್ಲಿಂದ ಸರ್ಟಿಫಿಕೇಟ್ ಬಂದಿದೆ, ಹೊರದೇಶದ್ದು ಬರಬೇಕಷ್ಟೇ. ಟ್ಯೂಬುಗಳ ಮೇಲೆ ಈಗ ನಂಬರ್ ಮಾತ್ರ ಇದೆ. ಕಾಗುಣಿತದ ಬಗ್ಗೆ ಅವಳು ಇನ್ನೂ ತೀರ್ಮಾನ ಮಾಡಿಲ್ಲ. "ಅದಕ್ಕೆ ಇನ್ನು ಸಮಯ ಉಂಟು ಟೀಚರ್" ಎನ್ನುತ್ತಾಳೆ.