ನೊರೆ ಬಂದರೆ ಸಾಲದು, ಕಲ್ಲು ನೀರಿಗೆ ಒಲಿಯಬೇಕು

ಮೈಸೂರು, ಮಂಡ್ಯದ ಕಾಲೇಜುಗಳಿಂದ ಪ್ರಾಜೆಕ್ಟ್ ಹಿಡಿದು ಬರುವ ರಸಾಯನಶಾಸ್ತ್ರದ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಅಂಟುವಾಳ, ಸೀಗೆಕಾಯಿಯಲ್ಲಿ ನೊರೆ ತರಿಸುವ ಸಪೋನಿನ್ ಬಳಸಿ ತೈಲಬಾವಿಯಲ್ಲಿ ಉಳಿದುಹೋದ ಎಣ್ಣೆ ತೆಗೆಯಬಹುದೇ? ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುವ ದೇಶದಲ್ಲಿ ಈ ಪ್ರಶ್ನೆ ಕೇಳುವವರು ಇರಬೇಕು. ಆದರೆ ಅವರು ತೋರಿಸುವ ಸಾಕ್ಷಿ ಮಾತ್ರ ಯಾವಾಗಲೂ ಒಂದೇ: ನೊರೆ ಚೆನ್ನಾಗಿ ಬರುತ್ತದೆ, ಗಾಜಿಗೆ ಹತ್ತಿದ ಎಣ್ಣೆ ಬಿಡುತ್ತದೆ. ಸುಣ್ಣಕಲ್ಲು ಗಾಜಿನಂತಲ್ಲ.

ಜಗತ್ತಿನ ತೈಲ ನಿಕ್ಷೇಪದಲ್ಲಿ ಅರ್ಧಕ್ಕೂ ಹೆಚ್ಚು ಇರುವುದು ಸುಣ್ಣಕಲ್ಲು, ಅದರ ಹತ್ತಿರದ ನಂಟಿನ ಡಾಲಮೈಟ್‌ಗಳಲ್ಲಿ. ಸೌದಿಯ ಘವಾರ್ ತೈಲಕ್ಷೇತ್ರ ಅಂಥದ್ದು. 1974ರಲ್ಲಿ ಪತ್ತೆಯಾದ ನಮ್ಮ ಬಾಂಬೆ ಹೈ ಕೂಡ ಅಂಥದ್ದೇ. ನಮ್ಮ ಅಡುಗೆಮನೆಗಳ ಕಡಪ ಕಲ್ಲೂ ಸುಣ್ಣಕಲ್ಲೇ. ಹುಳಿ ಬಿದ್ದ ಕಡೆ ಅದು ಮಂಕಾಗುತ್ತದೆ, ಪಕ್ಕದ ಗ್ರಾನೈಟ್‌ಗೆ ಏನೂ ಆಗುವುದಿಲ್ಲ. ಆಮ್ಲದ ಜೊತೆಗಿನ ಈ ನಂಟೇ ನೆಲದಾಳದಲ್ಲೂ ತೊಂದರೆ ಕೊಡುವುದು. ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್ ಮೇಲ್ಮೈಯಲ್ಲಿ ಸಾಮಾನ್ಯವಾಗಿ ಧನ ವಿದ್ಯುದಂಶ, ಕಚ್ಚಾ ತೈಲದಲ್ಲಿರುವ ಸಾವಯವ ಆಮ್ಲಗಳದ್ದು ಋಣ. ಲಕ್ಷಾಂತರ ವರ್ಷ ಜೊತೆಗಿದ್ದು ಆ ಆಮ್ಲಗಳು ಕಲ್ಲಿಗೆ ಅಂಟುತ್ತವೆ, ಕಲ್ಲು ಎಣ್ಣೆಯ ಪಾಲಾಗುತ್ತದೆ. ಆಮೇಲೆ ಎಣ್ಣೆಯನ್ನು ತಳ್ಳಲು ನೀರು ನುಗ್ಗಿಸಿದರೆ ಅದು ಬಿರುಕುಗಳಲ್ಲಿ ಹರಿದುಹೋಗುತ್ತದೆಯೇ ಹೊರತು ಸಣ್ಣ ರಂಧ್ರಗಳೊಳಗೆ ಇಳಿಯುವುದಿಲ್ಲ.

ಹಾಗಾಗಿ ಇಲ್ಲಿ ಸೋಪು, ಸಪೋನಿನ್ ಥರದ, ಎಣ್ಣೆ-ನೀರಿನ ನಡುವೆ ನಿಲ್ಲುವ ವಸ್ತುವಾದ ಸರ್ಫ್ಯಾಕ್ಟೆಂಟ್‌ನ ಮುಖ್ಯ ಕೆಲಸ ಎಣ್ಣೆಯನ್ನು ತೊಳೆಯುವುದಲ್ಲ. ಕಲ್ಲಿನ ಒಲವನ್ನು ನೀರಿನ ಕಡೆ ತಿರುಗಿಸುವುದು. ತಿರುಗಿತೆಂದರೆ ರಂಧ್ರವೇ ನೀರನ್ನು ಒಳಗೆಳೆದುಕೊಂಡು ಎಣ್ಣೆಯನ್ನು ಹೊರಹಾಕುತ್ತದೆ. ಎಣ್ಣೆ-ನೀರಿನ ನಡುವಿನ ಎಳೆತ ಮೀಟರಿಗೆ ಸುಮಾರು 20ರಿಂದ 30 ಮಿಲಿನ್ಯೂಟನ್ ಇರುತ್ತದೆ. ಅದನ್ನು 0.001ಕ್ಕೆ ಇಳಿಸಿದೆವೆಂದು ಹಿಗ್ಗುವವರಿದ್ದಾರೆ. ಆದರೆ ನೀರನ್ನು ಒಳಗೆಳೆಯುವ ಲೋಮನಾಳದ ಬಲ ನಿಂತಿರುವುದು ಆ ಎಳೆತದ ಮೇಲೆಯೇ! ಅದನ್ನು ಪೂರ್ತಿ ಕೊಂದರೆ ಎಣ್ಣೆ ತನ್ನ ಹಗುರದಿಂದ ಮಾತ್ರ ಮೇಲೇರಬೇಕು. ಬಿಗಿಯಾದ ಕಲ್ಲಿನಲ್ಲಿ ಅದು ಬಹಳ ನಿಧಾನ.

ಪ್ರಯೋಗಾಲಯದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಚ್ಚಾ ತೈಲದಲ್ಲಿ ವಾರಗಟ್ಟಲೆ ಬಿಸಿಯಲ್ಲಿಟ್ಟು ಹದಗೊಳಿಸಿದ ಕಲ್ಲಿನ ತುಂಡನ್ನು ಹೊರಬಂದ ಎಣ್ಣೆಯನ್ನು ಅಳೆಯುವ ಅಮಾಟ್ ಪಾತ್ರೆಯ ಉಪ್ಪುನೀರಿನಲ್ಲಿ ಮುಳುಗಿಸಿಡುತ್ತೇವೆ. ದಿನಗಳುರುಳಿದರೂ ಹೆಚ್ಚೇನೂ ನಡೆಯುವುದಿಲ್ಲ. ಸರಿಯಾದ ಸರ್ಫ್ಯಾಕ್ಟೆಂಟ್ ಸೇರಿಸಿದರೆ ಕಲ್ಲಿನ ಮೈ ಬೆವರತೊಡಗುತ್ತದೆ. ಹನಿಗಳು ಸುತ್ತಲೂ ಎಲ್ಲ ಕಡೆಯಿಂದ ಮೂಡಿದರೆ ನೀರನ್ನು ಎಳೆಯುತ್ತಿರುವುದು ರಂಧ್ರಗಳು. ಮೇಲ್ತುದಿಯಲ್ಲಿ ಮಾತ್ರ ಮೂಡಿದರೆ ಅದು ಗುರುತ್ವದ ಕೆಲಸ. ಎಷ್ಟು ಎಣ್ಣೆ ಬಂತು ಎನ್ನುವುದಕ್ಕಿಂತ ಎಲ್ಲಿಂದ ಬಂತು ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಇನ್ನು ಖರ್ಚು. ಶೇ. 20 ರಂಧ್ರವಿರುವ ಒಂದು ಘನ ಮೀಟರ್ ಸುಣ್ಣಕಲ್ಲು ಸುಮಾರು 2,200 ಕಿಲೋ ತೂಗುತ್ತದೆ. ಗ್ರಾಂ ಕಲ್ಲಿಗೆ ಒಂದೇ ಮಿಲಿಗ್ರಾಂ ಸರ್ಫ್ಯಾಕ್ಟೆಂಟ್ ಅಂಟಿದರೂ 2.2 ಕಿಲೋ ಕಲ್ಲಿನ ಪಾಲು. ರಂಧ್ರಗಳ 200 ಲೀಟರ್ ಜಾಗದಲ್ಲಿ ಶೇ. 40ರಷ್ಟು ಎಣ್ಣೆ ಉಳಿದಿದ್ದರೆ ಅದು 80 ಲೀಟರ್, ಅರ್ಧ ಬ್ಯಾರೆಲ್ ಅಷ್ಟೆ. ಅದೂ ಪೂರ್ತಿ ಕೈಗೆ ಬರುವುದಿಲ್ಲ. ಎಷ್ಟೋ ಒಳ್ಳೆಯ ರಾಸಾಯನಿಕಗಳು ಸೋತಿರುವುದು ಈ ಲೆಕ್ಕದಲ್ಲೇ.

ಧನ ವಿದ್ಯುದಂಶದ ಸರ್ಫ್ಯಾಕ್ಟೆಂಟ್‌ಗಳು ಅಂಟಿದ ಆಮ್ಲದ ಜೊತೆ ಜೋಡಿಯಾಗಿ ಅದನ್ನು ಕಲ್ಲಿನಿಂದ ಕಿತ್ತು ತರುತ್ತವೆ, ಆದರೆ ದುಬಾರಿ. ಋಣದವು ಅಗ್ಗ, ಆದರೆ ಕಲ್ಲಿಗೇ ಅಂಟಿಕೊಳ್ಳುತ್ತವೆ. ಅದಕ್ಕೇ ಅವುಗಳ ಜೊತೆ ಸೋಡಾ ಬೂದಿ (ಸೋಡಿಯಂ ಕಾರ್ಬೋನೇಟ್) ಬೆರೆಸಿ ಕಲ್ಲಿನ ವಿದ್ಯುದಂಶವನ್ನು ತಿರುಗಿಸುತ್ತಾರೆ. ಆಗ ನೀರು ಮೆದುವಾಗಿರಲೇಬೇಕು. ಮಂಡ್ಯ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿ ಸೋಪು ಒಡೆದು ಗಸಿಯಾಗುವಂತೆ, ಕ್ಯಾಲ್ಸಿಯಂ ತುಂಬಿದ ಭೂಗರ್ಭದ ನೀರಿನಲ್ಲಿ ಇವೂ ಕೆಡುತ್ತವೆ. ಟೆಕ್ಸಾಸಿನ ಯೇಟ್ಸ್ ಡಾಲಮೈಟ್ ಕ್ಷೇತ್ರದಲ್ಲಿ 1990ರ ದಶಕದಲ್ಲಿ ತೆಳುವಾದ ಸರ್ಫ್ಯಾಕ್ಟೆಂಟ್ ದ್ರಾವಣವನ್ನು ಬಾವಿಗಿಳಿಸಿ, ಕೆಲಕಾಲ ಮುಚ್ಚಿಟ್ಟು, ಮತ್ತೆ ತೆರೆದು ಎಣ್ಣೆ ತೆಗೆದರು. ಬಿರುಕುಬಿಟ್ಟ ಕಲ್ಲಿಗೆ ನನ್ನ ಮಟ್ಟಿಗೆ ಈ ತಾಳ್ಮೆಯ ದಾರಿಯೇ ಸರಿ.

ಅಂಟುವಾಳದ ಸಪೋನಿನ್‌ಗೆ ವಿದ್ಯುದಂಶದ ಗೊಡವೆ ಕಡಿಮೆ, ಅದು ಅದರ ಬಲ. ಆದರೆ ಅದರಲ್ಲಿ ಸಕ್ಕರೆಯ ಕೊಂಡಿಗಳಿವೆ, ಬಿಸಿಯಲ್ಲಿ ಬಹುಕಾಲ ಇಟ್ಟರೆ ಅವು ಕಡಿದುಹೋಗಬಹುದು. ಆದ್ದರಿಂದ ಮುಂದಿನ ಸಲ ಬರುವವರು ನೊರೆಯ ಫೋಟೊ ತರುವುದು ಬೇಡ. ಬಟ್ಟಿ ಇಳಿಸಿದ ನೀರೂ ಬೇಡ. ಕ್ಯಾಲ್ಸಿಯಂ ಇರುವ ಉಪ್ಪುನೀರಿನಲ್ಲಿ, 80 ಡಿಗ್ರಿಯಲ್ಲಿ ಒಂದು ತಿಂಗಳು ಕಳೆದ ಮೇಲೂ ಸಪೋನಿನ್ ಎಷ್ಟು ಉಳಿದಿದೆ, ಗ್ರಾಂ ಕಲ್ಲಿಗೆ ಎಷ್ಟು ಮಿಲಿಗ್ರಾಂ ಅಂಟಿತು, ಈ ಎರಡು ಅಂಕಿ ತನ್ನಿ. ಕಲ್ಲಿನ ತುಂಡನ್ನು ಆಮೇಲೆ ಒಟ್ಟಿಗೆ ಮುಳುಗಿಸೋಣ.